ನನ್ನ ಮೂಳೆ ಮಾತ್ರೆ ತಿಂದೋರ್ಯಾರು?

ಅನುಮಾನ ಪಡಬೇಡ ಅಂತಾರೆ ಮನೆಯೋರೆಲ್ಲ. ನಾನೇನು ಹುಡುಕ್ಕೊಂಡು ಹೋಗ್ತೀನಾ? ಅಶೋಕಪುರಂನ ನಮ್ಮ ಮನೆ ಬಾಗಿಲಿಗೆ ಅದೇ ಬಂದು ನಿಲ್ಲುತ್ತೆ.

ಕಾಲು ಹಿಡಿದದ್ದು

ಬೆಳಿಗ್ಗೆ ರಂಗೋಲಿಗೆ ಕುಕ್ಕರಗಾಲಲ್ಲಿ ಕೂತೋಳು ಏಳಲಾರದೆ ಹೋದೆ. ಮೀನಖಂಡ ಹಿಡ್ಕೊಂಡ್ಬುಟ್ಟಿತ್ತು. ಉಗುರು ಹಪ್ಪಳದಂಗೆ ಮುರೀತಿತ್ತು, ಬೆರಳು ಜುಮ್ಮನ್ನೋದು ಬೇರೆ. ಹಿಂದಿನ ದಿನ ಎದುರುಮನೆಯಾಕೆ "ರಂಗೋಲಿ ಎಷ್ಟು ಚೆಂದ!" ಅಂದಿದ್ದಳು. ಅವಳ ಕಣ್ಣೇ ತಗುಲಿದ್ದು ಅಂತ ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿಸಿದೆ. ಮನೆಯೋರೆಲ್ಲ ಕೆಮ್ಮಿದ್ರು.

ಸೊಸೆ ಕಣ್ಣೊರೆಸಿಕೊಂಡು, "ದೃಷ್ಟಿಯಾಗಿದ್ರೆ ಘಾಟೇ ಬರಲ್ಲ ಅಂತ ನೀವೇ ಹೇಳ್ತೀರಲ್ಲ ಅತ್ತೆ, ಎದುರುಮನೆಯವ್ರು ಬಚಾವಾದ್ರು. ನಡೀರಿ ಡಾಕ್ಟ್ರ ಹತ್ರ" ಅಂದಳು.

ಡಾಕ್ಟ್ರಮ್ಮ

ರಕ್ತ ಪರೀಕ್ಷೆ ಮಾಡಿಸಿ ಡಾಕ್ಟ್ರಮ್ಮ ಅಂದ್ರು: "ಕ್ಯಾಲ್ಸಿಯಂ ಕಮ್ಮಿಯಾಗಿದೆ ಅಜ್ಜಿ. ಹಾಲು ಕುಡೀತೀರಾ?"

"ನೀರು ಬೆರೆಸ್ತಾರೆ ಕಣಮ್ಮ, ಬಿಟ್ಬುಟ್ಟೆ."

"ರಾಗಿಮುದ್ದೆ?"

"ಮಿಲ್ಲಿನೋನು ನಮ್ಮ ರಾಗಿ ಬದಲಾಯಿಸ್ತಾನೆ."

"ಸೊಪ್ಪು?"

"ಅದಕ್ಕೇನೇನು ಔಷಧಿ ಹೊಡೀತಾರೋ!"

"ಬಿಸಿಲಿಗಾದ್ರೂ ಹೋಗ್ತೀರಾ?"

"ನಾನು ಆಚೆ ಹೋದ್ರೆ ಒಳಗೆ ಕಾಯೋರ್ಯಾರು?"

ಡಾಕ್ಟ್ರಮ್ಮ ಪೆನ್ನು ಕೆಳಗಿಟ್ಟು ಸೊಸೆ ಕಡೆ ತಿರುಗಿದ್ರು. "ಮಾತ್ರೆನಾದ್ರೂ ನಂಬ್ತಾರೇನಮ್ಮ?"

ಮಾತ್ರೆ ಪರೀಕ್ಷೆ

ಬೆಳ್ಳಗೆ, ದಪ್ಪಗೆ, ಬಾಯಿಗಿಟ್ರೆ ಸೀಮೆಸುಣ್ಣ. ಯಜಮಾನ್ರ ಎದುರಿಗೇ ಹೊಸ್ತಿಲ ಮೇಲೆ ಎಳೆದು ನೋಡಿದೆ. ನೆಟ್ಟಗೆ ಗೆರೆ ಬಂತು! "ನೋಡಿ, ಬರೀ ಸುಣ್ಣ" ಅಂದೆ.

"ಹಂಗಾದ್ರೆ ರಂಗೋಲಿ ಪುಡಿ ತರೋದು ಬೇಡ ಬಿಡಿ ಅತ್ತೆ" ಅಂದಳು ಸೊಸೆ.

ಆದ್ರೂ ನುಂಗಿದೆ. ಕಾಲು ಬಗ್ಗದೇ ಹೋದ್ರೆ ಗೌರಿ ಹಬ್ಬದ ರಂಗೋಲಿ ಅವಳ ಪಾಲಾಗುತ್ತಲ್ಲ!

ಕಳ್ಳ

ಹಬ್ಬ ಹತ್ರ ಬಂದಂಗೆ ಮಾತ್ರೆ ಸರಸರನೆ ಕಮ್ಮಿಯಾಗತೊಡಗಿತು. ರಂಗೋಲಿ ಆಸೆಗೆ ಸೊಸೆಯೇ ಬಚ್ಚಿಡ್ತಾಳೋ? ಕೆಲಸದವಳೋ? ಎಲ್ಲರನ್ನೂ ಕೂರಿಸಿ ಉಗುರು ತೋರಿಸಿ ಅಂದೆ. ಗಟ್ಟಿ ಇದ್ದೋರೇ ಕಳ್ಳರು! ನೋಡಿದ್ರೆ ನನ್ನ ಬಿಟ್ಟು ಎಲ್ಲರ ಉಗುರೂ ಗಟ್ಟಿ.

ಮಧ್ಯಾಹ್ನ ಬಾಗಿಲ ಸಂದಿಯಲ್ಲಿ ನಿಂತೆ. ಯಜಮಾನ್ರು ಮೆಲ್ಲಗೆ ಬಂದು ನನ್ನ ಡಬ್ಬಿ ತೆಗೆದು, ಎಲೆ ಅಡಿಕೆ ಕುಟ್ಟೋ ಕುಟ್ಟಾಣಿಗೆ ಒಂದು ಮಾತ್ರೆ ಹಾಕಿದ್ರು! ಮೇಲೆ ಎಲೆ, ಅಡಿಕೆ. ಟಕಟಕ ಕುಟ್ಟಿ ಬಾಯಿಗೆ ಹಾಕ್ಕೊಂಡ್ರು.

"ಏನ್ರೀ ಇದು?"

"ಬಾಯಿ ಹುಣ್ಣಾಗುತ್ತೆ ಅಂತ ನನ್ನ ಸುಣ್ಣದ ಡಬ್ಬಿ ಬಚ್ಚಿಟ್ಟೋಳು ನೀನೇ. ಇದು ಬರೀ ಸುಣ್ಣ ಅಂದೋಳೂ ನೀನೇ!"

ಮಾತ್ರೆ ಡಬ್ಬಿ ಕಿತ್ಕೊಂಡು ಸೆರಗಿಗೆ ಕಟ್ಟಿದೆ. ಅವರು ನಾಲಿಗೆ ಚಾಚಿ ಬೆಳಕಿಗೆ ಹಿಡಿದ್ರು.

"ನೋಡು, ಇಷ್ಟು ಜಗಿದ್ರೂ ಒಂಚೂರು ಕೆಂಪಾಗಿಲ್ಲ. ಮಾತ್ರೆ ಡೂಪ್ಲಿಕೇಟು ಕಣೇ! ನಡಿ, ಆ ಡಾಕ್ಟ್ರಮ್ಮನ್ನ ಕೇಳೇಬುಡೋಣ!"