ಅತ್ತೆ ಇರಬಾರದ ಮನೆ

ಆಸ್ಟ್ರೇಲಿಯಾದ ಬಂಡಬರ್ಗ್‌ನ ಟೈಲ್ಸ್ ಕೆಲಸಗಾರ ಕೆಲ್ವಿನ್ ಸ್ಟ್ರೌಡನಿಗೆ ಎರಡು ಮನೆಗಳಿದ್ದವು. ಒಂದರಲ್ಲಿ ಅತ್ತೆ ಇದ್ದರು. ಇನ್ನೊಂದರಲ್ಲಿ ಅತ್ತೆ ಇರುವಂತಿರಲಿಲ್ಲ.

ಸೊಂಟದ ಆಪರೇಷನ್ ಮುಗಿಸಿ ನಾಲ್ಕು ದಿನಕ್ಕೆಂದು ಬಂದ ಅತ್ತೆ ಥೆಲ್ಮಾ ಬೇಸಿಗೆ ಕಳೆದರೂ ಹೊರಟಿರಲಿಲ್ಲ. ನಡುವೆ ಒಮ್ಮೆ ಚೆಂಡು ಉರುಳಿಸುವ ಬೌಲ್ಸ್ ಆಟದ ಕ್ಲಬ್ಬಿನವರ ಜೊತೆ ಹಡಗಿನ ಪ್ರವಾಸಕ್ಕೆ ಹೋದಾಗ ಕೆಲ್ವಿನ್ ತನ್ನ ಒರಗುಕುರ್ಚಿಯಲ್ಲಿ ಕಾಲು ಚಾಚಿದ್ದ. ಅವರು ವಾಪಸು ಬಂದರು, ಕುರ್ಚಿಯೂ ಅವರಿಗೇ ವಾಪಸು ಹೋಯಿತು.

ಶನಿವಾರ ಬೆಳಿಗ್ಗೆ ಅದೇ ಕುರ್ಚಿಯಲ್ಲಿ ಕೂತು ಅತ್ತೆ ಹಾಕಿದ್ದ ಟಿವಿಯ ಕುದುರೆ ರೇಸಿನ ಗದ್ದಲ ಕೇಳಲಾರದೆ ಕೆಲ್ವಿನ್ ಲೆಕ್ಕಪತ್ರ ನೋಡುವ ಡಂಕ್ಲಿ ಮೇಡಂಗೆ ಫೋನ್ ಮಾಡಿದ.

"ಕಡಲ ತೀರದ ನನ್ನ ಮನೆ ಖಾಲಿ ಬಿದ್ದಿದೆ ಮೇಡಂ. ಅತ್ತೆನ ಅಲ್ಲಿಗೆ ಕಳಿಸ್ಲಾ?"

"ಅದು ನಿಮ್ಮ ಮನೆ ಅಲ್ಲ ಕೆಲ್ವಿನ್. ನಿಮ್ಮ ನಿವೃತ್ತಿ ನಿಧಿದು."

"ನಿಧಿ ಯಾರದು?"

"ನಿಮ್ಮದು. ನೀವೇ ನಡೆಸ್ತಿದ್ದೀರಲ್ಲ."

"ಹಾಗಾದ್ರೆ ಮನೆ ನಂದೇ."

"ಅಲ್ಲ. ನಿಧಿ ಸಾಲ ಮಾಡಿ ಕೊಂಡಿದ್ದು. ಸಾಲ ತೀರೋವರೆಗೂ ಮನೆ ಪತ್ರ ಇನ್ನೊಂದು ಕಂಪನಿ ಹೆಸರಲ್ಲಿರುತ್ತೆ."

"ಆ ಕಂಪನಿ ಯಾರದು?"

"ನಿಮ್ಮದೇ."

ಕೆಲ್ವಿನ್ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. ಆ ಕಿವಿಗೂ ಅರ್ಥವಾಗಲಿಲ್ಲ.

"ನಿಧಿಯ ಮನೆ ನಿವೃತ್ತಿಗೆ ದುಡ್ಡು ದುಡಿಯೋಕೆ ಮಾತ್ರ, ಅದು ಕಾನೂನು. ನೀವಾಗಲಿ, ನಿಮ್ಮ ನೆಂಟರಾಗಲಿ, ಹೆಂಡತಿ ಕಡೆಯವರಾಗಲಿ ಅಲ್ಲಿ ಒಂದು ರಾತ್ರಿನೂ ಮಲಗೋ ಹಾಗಿಲ್ಲ. ಬಾಡಿಗೆ ಕೊಟ್ರೂ ಇಲ್ಲ. ಸಿಕ್ಕಿಬಿದ್ರೆ ದಂಡ. ಮೊದಲು ಹೊರಗಿನ ಬಾಡಿಗೆದಾರನ್ನ ಹುಡುಕಿ. ಕಂತು ಕಟ್ಟೋಕೆ ನಿಧೀಲಿ ತಳ ಕಾಣ್ತಿದೆ."

ಬಾಡಿಗೆಗೆ ಬರುವವರಿಗೆ ಮನೆ ತೋರಿಸುವುದಾಗಿ ಜಾಹೀರಾತು ಕೊಟ್ಟಿದ್ದ ದಿನವೂ ಅವತ್ತೇ. ಕೆಲ್ವಿನ್ ಹೋಗುವಷ್ಟರಲ್ಲಿ ಗೇಟಿನ ಮುಂದೆ ಸಾಲು ನಿಂತಿತ್ತು. ಮುಂದೆ ಸರ್ಫಿಂಗ್ ಹಲಗೆ ಹಿಡಿದ ಅಕ್ಕನ ಮಗ. ಅವನ ಹಿಂದೆ ಮೂರು ನಾಯಿಗಳ ಸಮೇತ ಹೆಂಡತಿಯ ತಮ್ಮ. ಕೊನೆಗೆ ಅವಳ ಚಿಕ್ಕಮ್ಮ, ಕಿಟಕಿ ಅಳೆಯಲು ಟೇಪು ಹಿಡಿದು.

"ನೆಂಟರಿಗೆ ಕೊಡೋ ಹಾಗಿಲ್ಲ, ಕಾನೂನು!"

"ನಿನ್ನ ಜಿಪುಣ ಬುದ್ಧಿಗೆ ಕಾನೂನು ಅಂತ ಬೇರೆ ಹೆಸರಿಟ್ಟಿದೀಯಾ?" ಎಂದರು ಚಿಕ್ಕಮ್ಮ. ನಾಯಿಯೊಂದು ಗೇಟಿಗೆ ಕಾಲೆತ್ತಿ ತನ್ನ ಅಭಿಪ್ರಾಯ ತಿಳಿಸಿತು.

ಪಕ್ಕದ ಮನೆಯ ರಾಸ್ ಬೇಲಿಯ ಮೇಲೆ ಮೊಣಕೈಯೂರಿ ಬಿಯರ್ ಕುಡಿಯುತ್ತಿದ್ದ. "ಮದುವೆ ಆಗೋಕೆ ಮುಂಚೆ ಮನೆ ಕೊಳ್ಬೇಕಿತ್ತು ಗುರೂ. ಅರ್ಧ ನೆಂಟರು ಕಮ್ಮಿ ಆಗ್ತಿದ್ರು."

ಎಲ್ಲರೂ ಬೈದು ಹೋದ ಮೇಲೆ ಬಿಳಿ ಟೋಪಿಯ ಮುದುಕನೊಬ್ಬ ಬಂದ. ಹೆಸರು ಆರ್ಚೀ ಪೆಲ್. ಬಚ್ಚಲ ಗೋಡೆ ತಟ್ಟಿ, "ಎಷ್ಟು ಚೆಂದ ಕೂತಿದೆ ಟೈಲ್ಸು!" ಎಂದ. ಕೆಲ್ವಿನ್ ಕರಗಿದ, ಆದರೂ ಪೊಲೀಸನಂತೆ ವಿಚಾರಿಸಿದ.

"ನೀವು ನನ್ನ ಕಡೆ ನೆಂಟರಾ?"

"ನಿನ್ನ ಮುಖ ನೋಡಿದ್ದೇ ಇವತ್ತು ಕಣಯ್ಯ."

"ನನ್ನ ಹೆಂಡತಿ ನೋಲೀನ್ ಗೊತ್ತಾ?"

"ಆಯಮ್ಮನ್ನ ಇನ್ನೂ ನೋಡಿಲ್ಲ."

ಬಾಡಿಗೆ ಕರಾರಿಗೆ ರಾಸ್ ಸಾಕ್ಷಿಯಾಗಿ ಸಹಿ ಹಾಕಿದ. ಆರ್ಚೀ ಮುಂಗಡ ಕೊಟ್ಟ. "ನಾನು ವಾಸವಿದ್ದ ಕಾರವಾನ್ ಗಾಡೀನ ಬೆಳಿಗ್ಗೆನೇ ಮಾರಿಬಿಟ್ಟೆ. ಸಂಜೆನೇ ಬರ್ತೀನಿ," ಎಂದ.

ಕೇಕು ಹಿಡಿದು ಶಿಳ್ಳೆ ಹಾಕುತ್ತಾ ಕೆಲ್ವಿನ್ ಮನೆ ಸೇರಿದಾಗ ಬಾಗಿಲಲ್ಲಿ ಎರಡು ಸೂಟ್‌ಕೇಸ್. ಪಕ್ಕದಲ್ಲಿ ತುಟಿಗೆ ಬಣ್ಣ ಬಳಿದುಕೊಂಡ ಥೆಲ್ಮಾ. ಒಂದೇ ದಿನ ಎರಡು ವರ!

"ಹೊರಟ್ರಾ ಥೆಲ್ಮಾ?"

"ಹೊರಟೆ ಕಂದಾ. ಕಡಲ ತೀರದ ಮನೆಗೆ."

"ಬೆಳಿಗ್ಗೆನೇ ಹೇಳ್ಲಿಲ್ವಾ! ನಿಮಗೆ ಬಾಡಿಗೆ ಕೊಡೋ ಹಾಗಿಲ್ಲ!"

"ನನಗೆಲ್ಲಿ ಕೊಟ್ಟೆ? ನನ್ನ ಗಂಡನಿಗೆ ಕೊಟ್ಟಿದೀಯ."

ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಬಿಳಿ ಟೋಪಿ ಇಳಿಯಿತು.

"ಹಡಗಲ್ಲೇ ಮದುವೆ ಆದ್ವಿ," ಎಂದರು ಥೆಲ್ಮಾ ನಾಚುತ್ತಾ. "ನೆಂಟಳು ನಾನು ತಾನೆ? ಅವನು ನಿನಗೆ ಯಾರೂ ಅಲ್ವಲ್ಲ ಅಂತ ಅವನನ್ನೇ ಕಳಿಸಿದೆ."

"ಕೇಳಿದ್ದಕ್ಕೆಲ್ಲ ನಿಜಾನೇ ಹೇಳಿದೆ," ಎಂದ ಆರ್ಚೀ. "ನೀನು ಅತ್ತೆ ವಿಷಯ ಎತ್ತಲೇ ಇಲ್ಲ."

ನೋಲೀನ್ ಅಮ್ಮನನ್ನು ತಬ್ಬಿಕೊಂಡು ಖುಷಿಗೆ ಅಳುತ್ತಿದ್ದಳು. ಕೆಲ್ವಿನ್ ಮತ್ತೆ ಫೋನ್ ಒತ್ತಿದ.

"ಅತ್ತೆ ಗಂಡನೂ ನೆಂಟನೇ," ಎಂದರು ಡಂಕ್ಲಿ ಮೇಡಂ. "ಕರಾರು ಇವತ್ತೇ ರದ್ದು ಮಾಡಿ. ಮುಂಗಡ ವಾಪಸ್ ಕೊಡಿ."

ಕೆಲ್ವಿನ್ ತಿರುಗಿ ನೋಡಿದ. ಆರ್ಚೀ ಆಗಲೇ ಒರಗುಕುರ್ಚಿಯಲ್ಲಿ ಕೂತು, ರೇಸಿನ ಸದ್ದು ಇನ್ನಷ್ಟು ಹೆಚ್ಚಿಸುತ್ತಿದ್ದ. ಥೆಲ್ಮಾ ಸೂಟ್‌ಕೇಸನ್ನು ಹಿಂದಿನ ಕೋಣೆಗೆ ಎಳೆಯುತ್ತಿದ್ದರು.

"ಮೇಡಂ," ಕೆಲ್ವಿನ್ ಆಸೆಯಿಂದ ಪಿಸುಗುಟ್ಟಿದ, "ನಾನಿರೋ ಈ ಮನೇಲಿ ನೆಂಟರು ಇರಬಾರದು ಅಂತ ಕಾನೂನು ಏನಾದ್ರೂ..."

"ಛೇ, ಛೇ! ಅಲ್ಲಿ ಎಷ್ಟು ಜನ ಬೇಕಾದ್ರೂ ಇರಬಹುದು," ಎಂದರು ಮೇಡಂ ಧೈರ್ಯ ತುಂಬುತ್ತಾ. "ಅದು ನಿಮ್ಮ ಸ್ವಂತ ಮನೆ, ಕೆಲ್ವಿನ್."