ಬೀಗರಿಗೆ ಚಿಟ್ಟೆ ತೋರಿಸಲು ಹೋಗಿ

ವರ್ಷವಿಡೀ ಮನೆಯಲ್ಲಿ ರೇಷ್ಮೆ ಹುಳು ಸಾಕುವ ನನಗೆ ಚಿಟ್ಟೆ ತೋರಿಸುವುದೂ ಒಂದು ಕೆಲಸವೇ? ಹಾಗಂದುಕೊಂಡೇ, ಮಗಳನ್ನು ನೋಡಲು ಸೋಲೂರಿನಿಂದ ಬಂದಿದ್ದ ಹುಡುಗನ ಅಪ್ಪನನ್ನು ಕಾಡಿಗೆ ಹೊರಡಿಸಿದೆ. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಹುಡುಗನ ಅಪ್ಪನದೊಂದು ಮಾತು ಮಾತ್ರ ಬಾಕಿ. ನಿವೃತ್ತ ಮೇಷ್ಟ್ರು, ಕ್ಯಾಮೆರಾ ಹಿಡಿದು ಚಿಟ್ಟೆಗಳ ಹಿಂದೆ ಅಲೆಯುವವರು. ನಮ್ಮ ಅಕ್ಕೂರಿನ ಕಡೆ ಏನಾದರೂ ಸಿಗಬಹುದೇ ಎಂದು ಕೇಳಿದ್ದೇ ತಡ, ಮಾರ್ಗದರ್ಶಕಿಯ ಹುದ್ದೆಯನ್ನು ನಾನೇ ವಹಿಸಿಕೊಂಡೆ.

ಜೊತೆಗೆ ಹೊರಟ ನಮ್ಮ ಯಜಮಾನರು ಕಿವಿಯಲ್ಲಿ, "ಒಸಿ ಬಾಯಿ ಮುಚ್ಕೊಂಡಿರು ಕಣೆ," ಎಂದಿದ್ದರು. ಮುಚ್ಚಿಕೊಂಡೇ ಇದ್ದೆ. ಅಪರಾಧ ಮಾಡಿದ್ದು ಕೈ.

ಬೇಸಿಗೆಯ ಬೆಳಗು. ಹೊಂಗೆ ಮರಗಳ ನೆರಳಲ್ಲಿ ಹಳದಿ ಚಿಟ್ಟೆಗಳಿಗೆ ಬರವಿರಲಿಲ್ಲ. ಮೇಷ್ಟ್ರು ಕ್ಯಾಮೆರಾ ಎತ್ತುವರು, ನಾನು ಕೈ ಮಾಡಿ ತೋರಿಸುವೆ, ಬಳೆ ಸದ್ದಿಗೆ ಚಿಟ್ಟೆ ಹಾರಿಹೋಗುವುದು. ಪಾಪ, ಅವರು ಮತ್ತೆ ಮುಂದಿನ ಗಿಡದತ್ತ ನಡೆಯುವರು.

ಕೊನೆಗೆ ಹಳ್ಳದ ಹತ್ತಿರ ಕೆಂಪನೆಯ ಏರೋಪ್ಲೇನ್ ಚಿಟ್ಟೆಯೊಂದು ಜೊಂಡಿನ ತುದಿಯಲ್ಲಿ ಕೂತಿತು. ಮೇಷ್ಟ್ರು ಟೋಪಿ ತೆಗೆದಿಟ್ಟು, ಮಂಡಿಯೂರಿ, ಉಸಿರು ಬಿಗಿಹಿಡಿದರು. ಆಗಲೇ ಅವರ ಬೋಳು ತಲೆಯ ಮೇಲೆ ಬೂದು ಪಟ್ಟೆಯ ನೊಣವೊಂದು ಬಂದು ಕೂರಬೇಕೇ?

ಊಜಿ!

ಆ ನೊಣದ ಕಾಟ ಹುಳು ಸಾಕುವವರಿಗೇ ಗೊತ್ತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಇಡೀ ಬೆಳೆಯನ್ನೇ ನುಂಗಿಬಿಡುತ್ತದೆ. ಹುಳು ಮನೆಯಲ್ಲಿ ಕಂಡರೆ ಯೋಚಿಸುತ್ತಾ ನಿಲ್ಲುವಂತಿಲ್ಲ, ಹೊಡೆಯಬೇಕು. ನಾನೂ ಯೋಚಿಸಲಿಲ್ಲ.

ಏಟಿನ ಸದ್ದಿಗೆ ಏರೋಪ್ಲೇನ್ ಚಿಟ್ಟೆ ಹಾರಿತು, ಮೇಷ್ಟ್ರ ಕನ್ನಡಕ ಹಳ್ಳಕ್ಕೆ ಬಿತ್ತು. ಸಾಲದ್ದಕ್ಕೆ ನಾನು ಅಂಗೈ ಚಾಚಿ, "ಸತ್ತೋಯ್ತು ಬುಡಿ," ಎಂದು ಸಮಾಧಾನ ಬೇರೆ ಹೇಳಿದೆ! ಯಜಮಾನರು ಅಲ್ಲೇ ಬಂಡೆಯ ಮೇಲೆ ಕುಸಿದು ಕೂತರು. ಮೇಷ್ಟ್ರು ಒದ್ದೆ ಕನ್ನಡಕ ಏರಿಸಿ, ನನ್ನ ಅಂಗೈಯನ್ನು ಕೂಲಂಕಷವಾಗಿ ಪರಿಶೀಲಿಸಿ, ಇದು ಊಜಿಯಲ್ಲ, ಬರೀ ದನದ ನೊಣ ಎಂದು ತೀರ್ಪಿತ್ತರು.

ವಾಪಸ್ ಬರುವಾಗ ಮೇಷ್ಟ್ರು ಟೋಪಿಯನ್ನು ಕಿವಿಯವರೆಗೂ ಎಳೆದುಕೊಂಡೇ ನಡೆದರು. ಮಗಳ ಮದುವೆಯನ್ನು ಕೈಯಾರೆ ಕೆಡಿಸಿದೆನಲ್ಲ ಎಂದು ನನಗೆ ಅಳುವೇ ಬಂತು.

ಊಟವಾಗಿ ಎಲೆ ಅಡಿಕೆ ಹಾಕಿಕೊಂಡ ಮೇಲೆ ಮೇಷ್ಟ್ರು ಬಾಯಿ ಬಿಟ್ಟರು. "ಹುಡ್ಗಿ ನಮ್ಗೆ ಒಪ್ಗೆ ಕಣಮ್ಮ. ಆದ್ರೆ ಒಂದು ಮಾತು. ಮದ್ವೇಲಿ ನಮ್ಮನ್ನ ಎದುರುಗೊಳ್ಳೋವಾಗ ನನ್ ಹಣೆಗೆ ಕುಂಕುಮ ಇಡೋರು ಬ್ಯಾರೆ ಯಾರಾದ್ರೂ ಆಗ್ಲಿ."

ಹಾಗೇ ಆಯಿತು. ಬೀಗರಿಗೆ ಕುಂಕುಮ ಇಟ್ಟಿದ್ದು ನನ್ನ ತಂಗಿ. ನಾನು ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಎರಡೂ ಕೈಯಲ್ಲಿ ಹಿಡಿದಿದ್ದೇನೆಯೇ ಎಂದು ಯಜಮಾನರು ಹಿಂದಿನಿಂದ ಬಗ್ಗಿ ಬಗ್ಗಿ ನೋಡುತ್ತಿದ್ದರು.