ಮುಂದಕ್ಕೆ ಎಸೆಯಂಗಿಲ್ಲ

ನಮ್ಮೂರು ಗಂಡಸಿಯಲ್ಲಿ ರಗ್ಬಿ ಆಡೋಳು ನಾನೊಬ್ಬಳೇ. ಹಾಗಾಗಿ ಊರಿಗೆ ತಮಾಷೆಗೆ ಬರವಿಲ್ಲ. ಇಂಡಿಯಾ ಟೀಮಿನ ಜರ್ಸಿ ಹಾಕ್ಕೊಂಡು ದೇಶ ಸುತ್ತಿದವಳು, ಮೊಣಕಾಲು ಆಪರೇಷನ್ ಆಗಿ ಮನೇಲಿ ಕೂತೆ. ಕೂತೆ ಅನ್ನೋದು ಸುಳ್ಳು. ಹೊಸ್ತಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಹೊಸ್ತಿಲಿಗೆ ತಿರುಗ್ತಾನೇ ಇದ್ದೆ. ಮತ್ತೆ ಕ್ಯಾಂಪಿಗೆ ಕರೀತಾರೋ, ಇಲ್ಲಿಗೇ ಮುಗೀತೋ ಅಂತ ಒಂದೇ ಚಡಪಡಿಕೆ.

೧. ಒರಳು

ಪಕ್ಕದ ಮನೆ ಅಜ್ಜಿ ಕೇಳಿದರು, "ಅದೇನೋ ಆಡ್ತೀಯಂತಲ್ಲೇ, ಏನೇ ಅದು?"

"ರಗ್ಬಿ, ಅಜ್ಜಿ."

"ರುಬ್ಬೋದಾ? ಅದಕ್ಕೆ ಫಾರಿನ್ನಿಗ್ಯಾಕೆ ಹೋಗ್ಬೇಕು? ನಮ್ಮನೇಲೇ ಒರಳೈತೆ, ಬಾ."

ಕ್ಯಾಂಪಿನ ಫೋನಿಗೆ ಕಾದೂ ಕಾದೂ ಕೈಕಾಲು ಸುಮ್ಮನಿರ್ತಿರಲಿಲ್ಲ. ಹೋಗಿ ರುಬ್ಬಿಕೊಟ್ಟೆ. ಅಜ್ಜಿ ಹಿಟ್ಟು ಮುಟ್ಟಿ ನೋಡಿ, "ಇಷ್ಟು ತರಿತರಿ ರುಬ್ಬೋಳನ್ನ ಇಂಡಿಯಾದೋರು ಅದೆಂಗೆ ತಗೊಂಡ್ರೋ!" ಅಂದರು.

೨. ತೋಟದಲ್ಲಿ ಪ್ರಾಕ್ಟೀಸು

ಕಾಲು ಸರಿಹೋದ ಮೇಲೆ ಜೊತೆಗೆ ಆಡೋಕೆ ಯಾರೂ ಸಿಗಲಿಲ್ಲ. ಅಮ್ಮನನ್ನೇ ತೆಂಗಿನ ತೋಟಕ್ಕೆ ಎಳಕೊಂಡು ಹೋದೆ. ಅಮ್ಮ ತೆಂಗಿನಕಾಯಿ ಥರ ಇರೋ ಆ ಚೆಂಡನ್ನು ಕಿವಿ ಹತ್ರ ಹಿಡಿದು ಅಲ್ಲಾಡಿಸಿ, "ನೀರೇ ಇಲ್ವಲ್ಲೇ," ಅಂದಳು. ಆಮೇಲೆ ಮುಂದಕ್ಕೆ ಎಸೆದಳು.

"ಮುಂದಕ್ಕೆ ಎಸೆಯಂಗಿಲ್ಲಮ್ಮಾ! ಮುಂದಕ್ಕೆ ಓಡ್ಬೇಕು, ಹಿಂದೆ ಬರೋಳಿಗೆ ಎಸೀಬೇಕು!"

"ಇದ್ಯಾವ ತಲೆಕೆಟ್ಟ ಆಟಾನೇ? ಮುಂದಕ್ಕೆ ಎಸೆದ್ರೆ ಏನ್ ಮಾಡ್ತಾರೆ?"

"ಮನೆಗೆ ಕಳಿಸ್ತಾರೆ," ಅಂದೆ, ರೇಗಿ.

ಅಮ್ಮ ನನ್ನ ಮುಖ ನೋಡಿದಳು. "ಓ, ಅದಕ್ಕೇನೇ ನೀನು ಮನೇಲಿರೋದು?"

೩. ಬಸ್‌ಸ್ಟ್ಯಾಂಡು

ಕೊನೆಗೂ ಕರೆ ಬಂತು! ಮಾರನೇ ದಿನ ಬೆಳಿಗ್ಗೆ ಕ್ಯಾಂಪಲ್ಲಿ ಇರಬೇಕು, ಇಲ್ಲಾಂದ್ರೆ ನನ್ನ ಜಾಗಕ್ಕೆ ಇನ್ನೊಬ್ಬಳು. ಸಂಜೆ ಅರಸೀಕೆರೇಲಿ ರೈಲು. ಬಸ್ಸು ನೋಡಿದ್ರೆ ಕಾಲಿಡೋಕೆ ಜಾಗ ಇಲ್ಲ. ಭುಜ ಕೊಟ್ಟು ನುಗ್ಗಿ ಹಿಂದಿನ ಬಾಗಿಲಲ್ಲಿ ನೇತಾಡಿದೆ. ಕಂಡಕ್ಟರ್ ಸೀಟಿ ಊದಿದ, ಬಸ್ಸು ನಿಧಾನಕ್ಕೆ ಕದಲಿತು. ಆಗ ನೋಡ್ತೀನಿ, ಚೀಲ ಅಮ್ಮನ ಕೈಯಲ್ಲೇ ಇದೆ! ಬೂಟು, ರೈಲಿನ ಟಿಕೆಟ್ಟು, ಎಲ್ಲ ಅದರಲ್ಲೇ.

"ಅಮ್ಮಾ, ಚೀಲ!"

ಅಮ್ಮ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. ಕೈ ಚಾಚಿದೆ. ಕೊಡಲಿಲ್ಲ! ನನ್ನನ್ನು ದಾಟಿ ಮುಂದಕ್ಕೆ ಓಡಿದಳು.

"ಎಲ್ಲಿಗೆ ಓಡ್ತೀಯಮ್ಮೋ?" ಅಂತ ಕಂಡಕ್ಟರ್ ಕೂಗಿದ.

ಅಮ್ಮ ಡ್ರೈವರ್ ಸಮಕ್ಕೆ ಹೋದಳು, ತಿರುಗಿದಳು, ಹಿಂದಕ್ಕೆ ಬೀಸಿ ಎಸೆದಳು. ಚೀಲ ನೇರ ನನ್ನ ತೋಳಿಗೆ ಬಂತು.

"ಕೈಗೇ ಕೊಡೋದಲ್ವೇನಮ್ಮಾ!" ಅಂತ ಕಿರುಚಿದೆ.

ಅಮ್ಮ ಏದುಸಿರು ಬಿಡ್ತಾ ಕೂಗಿದಳು, "ಮುಂದಕ್ಕೆ ಎಸೆದ್ರೆ ಮನೆಗೆ ಕಳಿಸ್ತಾರೆ ಅಂತ ನೀನೇ ಅಲ್ವೇನೇ ಹೇಳಿದ್ದು!"